ಹೆದ್ದಾರಿ ಬದಿಯ ಫ್ಲೆಕ್ಸಿನಲ್ಲಿ ಅಜ್ಜಿ

ಕಂಪ್ಯೂಟರ್ ಕೋಣೆಯ ಗೋಡೆಗೆ ನಾನೇ ಕೈಯಾರೆ ಬರೆದು ಅಂಟಿಸಿದ ಎಂಟು ನಿಯಮಗಳಿದ್ದವು. ದುಂಡನೆಯ ಅಕ್ಷರ, ಕೆಂಪು ಮಸಿಯ ಅಡಿಗೆರೆ. ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಗುರುತಿಲ್ಲದವರ ಜೊತೆ ಚಾಟ್ ಮಾಡಬಾರದು. ಮನೆಯ ವಿಳಾಸ, ಫೋನ್ ನಂಬರ್ ಎಲ್ಲೂ ಹಾಕಬಾರದು. ಬೇರೆಯವರು ಬರೆದದ್ದನ್ನು ನಕಲು ಹೊಡೆದು ನನ್ನದೆಂದು ತರಬಾರದು. ಹೀಗೆ ಎಂಟೂ ‘ಬಾರದು’ಗಳೇ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ಬಾರದು ಅಕ್ಕೋರು’ ಎಂದು ಕರೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಸಿಟ್ಟು ಬಂದ ಹಾಗೆ ತೋರಿಸುತ್ತಿದ್ದೆನಾದರೂ ಒಳಗೊಳಗೆ ಹೆಮ್ಮೆಯೇ ಇತ್ತು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು ಅವು. ಅಂಕೋಲೆಯ ನಮ್ಮ ಹೈಸ್ಕೂಲಿಗೆ ಐದು ಕಂಪ್ಯೂಟರ್ ಬಂದಿದ್ದವು, ಅದರಲ್ಲಿ ಒಂದಕ್ಕೆ ಮಾತ್ರ ಇಂಟರ್ನೆಟ್. ಸಮಾಜ ವಿಜ್ಞಾನ ಪಾಠ ಹೇಳಿಕೊಂಡಿದ್ದ ನನಗೆ ಕಂಪ್ಯೂಟರ್ ಗಂಟುಬಿದ್ದದ್ದು, ತರಬೇತಿಗೆ ಹೋಗಲು ಉಳಿದ ಯಾರೂ ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ. ಕಾರವಾರದ ಕೋಡಿಬಾಗದ ಮನೆಯಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸು. ದಿನಾ ಸಿಗುತ್ತಿದ್ದ ಆ ತಾಸಿನಲ್ಲೇ ತರಬೇತಿಯ ಪುಸ್ತಕವನ್ನು ಅಡಿಯಿಂದ ಮುಡಿಯವರೆಗೆ ಓದಿ ಮುಗಿಸಿದ್ದೆ.

ಮಕ್ಕಳಿಗೆ ಕಲಿಸುವುದು ಸುಲಭವಿರಲಿಲ್ಲ. ಮೊದಲ ದಿನ ಇ-ಮೇಲ್ ತೆರೆಸಿದರೆ, ಸಂಜೆಯೊಳಗೆ ಇಡೀ ತರಗತಿಗೆ ಇಡೀ ತರಗತಿಯ ಪಾಸ್‌ವರ್ಡ್ ಬಾಯಿಪಾಠವಾಗಿತ್ತು. ಗದರಿದರೆ, “ನಾ ಮರ್ತ್ರೆ ಅದು ನೆನಪು ಮಾಡ್ತದೆ ಅಕ್ಕೋರೆ” ಎಂದು ಪಕ್ಕದವಳನ್ನು ತೋರಿಸಿದರು. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ನೆರೆಮನೆಯವರ ಕೈಗೆ ಕೊಟ್ಟು ಗದ್ದೆಗೆ ಹೋಗುವ ಜನರ ಮಕ್ಕಳು. ಅವರಿಗೆ ಗುಟ್ಟು ಕಲಿಸಲು ನನಗೆ ಎರಡು ತಿಂಗಳು ಹಿಡಿಯಿತು, ಆದರೆ ಕಲಿಸಿಯೇ ತೀರಿದೆ.

ಆಮೇಲೆ ‘ನಮ್ಮೂರ ಜನ’ ಎಂಬ ಬ್ಲಾಗ್ ಶುರುಮಾಡಿದೆವು. ಶಾಲೆಯ ಡಿಜಿಟಲ್ ಕ್ಯಾಮೆರಾವನ್ನು ಸರದಿಯ ಮೇಲೆ ಮನೆಗೆ ಕೊಟ್ಟು, ದುಡಿಯುವವರ ಒಂದು ಫೋಟೋ, ಅದಕ್ಕೆ ಹತ್ತು ಸಾಲು ಸ್ವಂತ ಬರಹ ತನ್ನಿ ಎಂದೆ. ಬೆಳಂಬಾರದಿಂದ ಬರುತ್ತಿದ್ದ ಹತ್ತನೆಯ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಯ ಫೋಟೋ ತಂದಳು. ಅಜ್ಜಿ ಅಂಕೋಲೆಯ ಪೇಟೆಯಲ್ಲಿ ತರಕಾರಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಳೆ. ಕೊರಳ ತುಂಬ ಮಣಿಸರ. ಚೌಕಾಸಿ ಮಾಡುವ ಗಿರಾಕಿಯನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾಳೆ, ಇನ್ನೇನು ಬಯ್ಯಬೇಕು ಎಂಬಂತೆ. ನೋಡಿ ನನಗೆ ಹಿಗ್ಗೋ ಹಿಗ್ಗು. ಬ್ಲಾಗಿನ ತಲೆಯಲ್ಲೇ ಅದನ್ನು ಹಾಕಿಸಿದೆ, ಹೆಡ್‌ಮಾಸ್ತರರನ್ನು ಕೈಹಿಡಿದು ಕರೆತಂದಂತೆ ಕರೆತಂದು ತೋರಿಸಿದೆ.

ಹುಡುಗಿ ಜಾಣೆ. ಅವಳ ಮನೆಯಲ್ಲಿ ಹತ್ತನೆಯ ತರಗತಿಯವರೆಗೆ ಬಂದವಳು ಅವಳೊಬ್ಬಳೇ. ತಂದೆ ತಾಯಿ ಕೂಲಿಗೆ ಹೋಗುತ್ತಿದ್ದರು; ಅವಳನ್ನು ಸಾಕಿದವಳೂ ಶಾಲೆಗೆ ಹಾಕಿದವಳೂ ಅಜ್ಜಿಯೇ. ಪರೀಕ್ಷೆಗೆ ಎರಡೂವರೆ ತಿಂಗಳು ಉಳಿದಿರುವಾಗ ಆ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಒಂದು ವಾರ ಕಾದೆ. ಜ್ವರವಿರಬೇಕು ಎಂದುಕೊಂಡೆ. ಎಂಟನೆಯ ದಿನ ಶಾಲೆ ಬಿಟ್ಟ ಕೂಡಲೇ ಬೆಳಂಬಾರದ ಬಸ್ಸು ಹತ್ತಿದೆ.

ಅಜ್ಜಿ ಅಂಗಳದಲ್ಲಿ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು. ಕೂತುಕೊಳ್ಳಿ ಎಂದು ಮಣೆ ಕೊಟ್ಟಳು, ನೀರು ಕೊಟ್ಟಳು. ಆದರೆ ಮುಖ ಕೊಡಲಿಲ್ಲ. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

“ಅಕ್ಕೋರೆ, ನಾ ಬಸ್ಸಲ್ಲಿ ಕೂತಿದ್ದೆ,” ಎಂದಳು ಅಜ್ಜಿ. “ಕಿಟಕಿಲಿ ಕಂಡ್ರೆ ನಾನೇ ಹೊರಗೆ ನಿಂತಿದ್ದೆ. ಮನೆಯಷ್ಟು ದೊಡ್ಡ. ಬಸ್ಸಲ್ಲಿದ್ದವ್ರೆಲ್ಲ ಒಂದ್ಸಲ ಅದ್ನ ನೋಡೂದು, ಒಂದ್ಸಲ ನನ್ನ ನೋಡೂದು. ನಾ ಎಲ್ಲಿಗೆ ಹೋಗೂದು ಹೇಳಿ?”

ಹೆದ್ದಾರಿಯ ಬದಿಯಲ್ಲಿ, ನಾನು ಓಡಾಡದ ದಿಕ್ಕಿನಲ್ಲಿ, ಒಂದು ಹೊಸ ಲಾಡ್ಜಿನ ಫ್ಲೆಕ್ಸ್ ಅದು. ಅಜ್ಜಿಯ ಮುಖದ ಕೆಳಗೆ ಇಂಗ್ಲಿಷಿನಲ್ಲಿ ಬನ್ನಿ, ಉಳಿಯಿರಿ ಎಂಬ ಬರಹ, ಲಾಡ್ಜಿನ ಫೋನ್ ನಂಬರು. ನಮ್ಮ ಬ್ಲಾಗಿನಿಂದಲೇ ಎತ್ತಿಕೊಂಡದ್ದು. ಪೇಟೆಯಲ್ಲಿ ಪಕ್ಕದ ಹೆಂಗಸರು, “ಮೋರೆ ಮಾರಿ ಬಂದ್ಯನೇ?” ಎಂದು ತಮಾಷೆ ಮಾಡಿದ್ದರಂತೆ. ಅಜ್ಜಿ ಅಂದಿನಿಂದ ಪೇಟೆಗೂ ಹೋಗಿರಲಿಲ್ಲ.

“ಈ ಹುಡ್ಗಿ ಫೋಟೋ ತೆಗ್ದದ್ದು ನಂಗೆ ಗೊತ್ತೇ ಇಲ್ಲ. ನೀವು ಹೇಳಿಕೊಟ್ಟದ್ದು ಅಂತಲ್ಲ? ನಿಮ್ಮ ಶಾಲಿ ನನ್ನ ಮೋರೆ ತಕ್ಕಂಡು ಹೋಗಿ ರಸ್ತೆಲಿ ನಿಲ್ಸ್ತು. ಆ ಹಲಗಿ ಇಳಿದ ಮರುದಿನ ಇದು ಶಾಲಿಗೆ ಬತ್ತದೆ. ಅಲ್ಲಿವರೆಗೆ ಇಲ್ಲ.”

ಹುಡುಗಿ ಕೈಯಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಳಿಸುತ್ತೇನೆ ಎಂದು ಹೇಳಿ ಎದ್ದೆ.

ಬ್ಲಾಗಿನಿಂದ ತೆಗೆಯಲು ಎರಡು ನಿಮಿಷ ಸಾಕಾಯಿತು. ಲಾಡ್ಜಿಗೆ ಶನಿವಾರ ಹೋದೆ, ಅರ್ಧ ದಿನದ ಶಾಲೆ ಮುಗಿಸಿ. ಮಾಲೀಕ ನಗುನಗುತ್ತಲೇ ಮಾತಾಡಿದ, ಎಳನೀರು ಕೆತ್ತಿಸಿ ಕೊಟ್ಟ.

“ನೆಟ್ಟಲ್ಲಿ ಸಿಕ್ತು ಟೀಚರೇ, ತಕ್ಕಂಡೆ. ನೆಟ್ಟಲ್ಲಿ ಇದ್ದದ್ದು ಎಲ್ಲರದ್ದೂ ಅಲ್ಲನಾ?”

“ಅಲ್ಲ. ಅವರನ್ನು ಕೇಳಬೇಕಿತ್ತು.”

“ಹೌದನಾ? ಮತ್ತೆ ನೆಟ್ಟಿಗೆ ಹಾಕುವಾಗ ನೀವು ಕೇಳಿದ್ರಿ?”

ಎಳನೀರು ಅರ್ಧಕ್ಕೇ ಬಿಟ್ಟು ಬಂದೆ. ಕಾರವಾರದ ಬಸ್ಸಿನಲ್ಲಿ ಇಡೀ ದಾರಿ ನನ್ನ ಎಂಟು ನಿಯಮಗಳನ್ನು ಮನಸ್ಸಿನಲ್ಲೇ ಓದಿಕೊಂಡೆ. ಹೆಚ್ಚುಕಡಿಮೆ ಎಲ್ಲವೂ ನಮ್ಮನ್ನು ಕಾಪಾಡಿಕೊಳ್ಳುವ ನಿಯಮಗಳು. ನಮ್ಮಿಂದ ಬೇರೆಯವರನ್ನು ಕಾಪಾಡುವುದು, ಆ ನಕಲಿನದೊಂದು ಬಿಟ್ಟರೆ, ಒಂದೂ ಇರಲಿಲ್ಲ. ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಎರಡರಷ್ಟು ನನ್ನ ಮೇಲಿತ್ತು.

ಸೋಮವಾರ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು ಎಂದು ಮಕ್ಕಳ ಮುಂದೆ ಹೇಳುವುದು, ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಅಷ್ಟು ಸಲೀಸಲ್ಲ. ಮೊದಲ ಬೆಂಚಿನ ಒಬ್ಬಳು ಗೋಡೆಯ ಕಡೆ ನೋಡಿ, “ಹೌದು ಅಕ್ಕೋರೆ, ಕೇಳ್ಬೇಕು ಅಂತ ನಿಮ್ಮ ಎಂಟ್ರಲ್ಲಿ ಇಲ್ಲ,” ಎಂದಳು. ಬೇರೆ ದಿನವಾಗಿದ್ದರೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆ ದಿನದ ಪಾಠ ಬೇರೆ ಏನೂ ಆಗಲಿಲ್ಲ. ಎಲ್ಲರೂ ಸೇರಿ ಲಾಡ್ಜಿಗೆ ಒಂದು ಪತ್ರ ಬರೆದೆವು. ಮೊದಲ ಕರಡಿನಲ್ಲಿ ಬೈಗುಳವೇ ಹೆಚ್ಚಿತ್ತು, ಅದನ್ನೆಲ್ಲ ಹೊಡೆದುಹಾಕಿಸಿದೆ. ತಪ್ಪು ಮೊದಲು ನಮ್ಮದು, ನಾವು ತೆಗೆದಿದ್ದೇವೆ, ದಯವಿಟ್ಟು ನೀವೂ ತೆಗೆಯಿರಿ ಎಂದಷ್ಟೇ ಉಳಿಯಿತು. ನಲವತ್ತು ಚಿಲ್ಲರೆ ಮಕ್ಕಳು ಸಹಿ ಹಾಕಿದರು. ಬೆಳಂಬಾರದ ಕಡೆಯ ಇಬ್ಬರು ಮಕ್ಕಳ ಕೈಯಲ್ಲಿ ದಿನಾ ಆ ಹುಡುಗಿಗೆ ನೋಟ್ಸ್ ಕಳಿಸಿದೆ. ಅಜ್ಜಿ ಅದನ್ನು ಬೇಡ ಎನ್ನಲಿಲ್ಲ. ಆದರೆ ಹುಡುಗಿಯನ್ನು ಕಳಿಸಲೂ ಇಲ್ಲ.

ಮುಂದಿನ ಶನಿವಾರ ಲಾಡ್ಜಿಗೆ ಹೋಗಿ ಪತ್ರ ಕೊಟ್ಟೆ. ಮಾಲೀಕ ಓದಿ ಮಡಚಿಟ್ಟು, ಫ್ಲೆಕ್ಸಿಗೆ ಖರ್ಚಾಗಿದೆ, ಸೀಸನ್ ಮುಗಿಯಲಿ ನೋಡೋಣ ಎಂದ. ಪ್ರವಾಸಿಗರ ಸೀಸನ್ ಮುಗಿಯುವ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತದೆ. ನಾನು ಸರಿ ಎಂದು ಹೊರಡಲಿಲ್ಲ. ಅಲ್ಲೇ ಕೌಂಟರಿನೆದುರಿನ ಸೋಫಾದ ಮೇಲೆ ಕೂತೆ. ಚೀಲದಿಂದ ಉತ್ತರಪತ್ರಿಕೆಗಳ ಕಟ್ಟು ತೆಗೆದು ತಿದ್ದತೊಡಗಿದೆ. ಸಂಜೆಯ ಬಸ್ಸಿನ ಹೊತ್ತಿಗೆ ಎದ್ದು, “ಬರುವ ಶನಿವಾರ ಬರುತ್ತೇನೆ” ಎಂದೆ. ಅವನು ನಕ್ಕ.

ಬರುವ ಶನಿವಾರವೂ ಹೋದೆ, ಅದರ ಮುಂದಿನದಕ್ಕೂ ಹೋದೆ. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ನನ್ನ ಪಾಡಿಗೆ ಕೆಂಪು ಪೆನ್ನು ಹಿಡಿದು ಕೂತಿರುತ್ತಿದ್ದೆ. ಬಂದ ಅತಿಥಿಗಳು ಒಂದಲ್ಲ ಒಂದು ಹೊತ್ತಿಗೆ ಕೇಳುತ್ತಿದ್ದರು, ಟೀಚರಾ ನೀವು, ಇಲ್ಲೇಕೆ ಕೂತಿದ್ದೀರಿ ಎಂದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ: “ಹೊರಗೆ ಫ್ಲೆಕ್ಸಿನಲ್ಲಿದ್ದಾರಲ್ಲ, ಅವರನ್ನು ಯಾರೂ ಕೇಳಿಲ್ಲ. ನಾನೂ ಕೇಳಲಿಲ್ಲ, ಇವರೂ ಕೇಳಲಿಲ್ಲ. ಅದನ್ನು ಇಳಿಸುವವರೆಗೆ ಬರುತ್ತಿರುತ್ತೇನೆ.” ಅಜ್ಜಿ ಯಾವ ಊರಿನವರು ಎಂದರೆ ಮಾತ್ರ ಹೇಳುತ್ತಿರಲಿಲ್ಲ. ಅಷ್ಟು ಬುದ್ಧಿ ಆಗ ಬಂದಿತ್ತು.

ಐದನೆಯ ಶನಿವಾರ ಬಸ್ಸಿಳಿದು ನೋಡಿದರೆ ಕಂಬಗಳ ನಡುವೆ ಬರೀ ಆಕಾಶ. ಮಾಲೀಕ ಸುತ್ತಿಟ್ಟ ಫ್ಲೆಕ್ಸನ್ನು ನನ್ನ ಕಾಲ ಬುಡಕ್ಕೆ ತಂದಿಟ್ಟ. “ತಕ್ಕಂಡು ಹೋಗಿ ಮಾರಾಯ್ರೆ. ನಮ್ಮ ಲಾಡ್ಜಿನ ವೆಬ್‌ಸೈಟಿಂದೂ ತೆಗ್ಸಿದೆ. ನಿಮ್ಮ ಪೇಪರು ತಿದ್ದುದನ್ನ ನೋಡಿ ನೋಡಿ ನಂಗೆ ಪರೀಕ್ಷೆ ಕನಸು ಬೀಳೂಕೆ ಹತ್ತಿತ್ತು.” ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಕೆಟ್ಟ ಮನುಷ್ಯನೇನಲ್ಲ, ನನ್ನ ಹಾಗೆಯೇ, ಕೇಳಬೇಕೆಂದು ಹೊಳೆಯದವನು.

ಮರುದಿನ ಭಾನುವಾರ ಆ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಬೆಳಂಬಾರಕ್ಕೆ ಹೋದೆ. ಚೀಲದಲ್ಲಿ ಒಂದು ಹೊಸ ನೋಟ್‌ಬುಕ್ಕೂ ಶಾಲೆಯ ಆಫೀಸಿನ ಸ್ಟ್ಯಾಂಪ್ ಪ್ಯಾಡೂ ಇದ್ದವು. ಅಜ್ಜಿ ಸುರುಳಿಯನ್ನು ಅಂಗಳದಲ್ಲಿ ಬಿಚ್ಚಿ ತನ್ನನ್ನು ತಾನು ಒಮ್ಮೆ ನೋಡಿದಳು. “ನಾ ಇಷ್ಟು ಸಿಟ್ಟಲ್ಲಿ ಇರ್ತೆನಾ?” ಎಂದು ಮೊಮ್ಮಗಳನ್ನು ಕೇಳಿದಳು. ಆಮೇಲೆ ಮುಖ ಒಳಗಾಗುವಂತೆ ಮಡಚಿ, ಕಟ್ಟಿಗೆ ರಾಶಿಯ ಮೇಲೆ ಹೊದೆಸಿ, ನಾಲ್ಕು ಕಲ್ಲು ಹೇರಿದಳು.

ನಾನು ಸುಳ್ಳು ಹೇಳಲಿಲ್ಲ. ಬ್ಲಾಗಿನಲ್ಲಿ ಇಲ್ಲ, ಲಾಡ್ಜಿನಲ್ಲಿ ಇಲ್ಲ, ಆದರೆ ನಡುವೆ ಯಾರಾದರೂ ಎತ್ತಿಟ್ಟುಕೊಂಡಿದ್ದರೆ ಅದು ನನಗೂ ತಿಳಿಯುವುದಿಲ್ಲ, ತೆಗೆಸಲೂ ಆಗುವುದಿಲ್ಲ ಎಂದೆ. “ಹಂಗಾದ್ರೆ ಅದು ಕೈ ಬಿಟ್ಟು ಹೋಗೂದರ ಒಳಗೇ ಕೇಳ್ಬೇಕು,” ಎಂದಳು ಅಜ್ಜಿ. ನಾನು ವರ್ಷವಿಡೀ ಕಲಿಸಬೇಕಾಗಿದ್ದದ್ದು ಅಷ್ಟೇ.

ಆಗ ನೋಟ್‌ಬುಕ್ ತೆಗೆದೆ. ಇನ್ನು ಮುಂದೆ ಮಕ್ಕಳು ಯಾರ ಫೋಟೋ ತೆಗೆದರೂ ಇದರಲ್ಲಿ ಅವರ ಒಪ್ಪಿಗೆ ಪಡೆಯಬೇಕು ಎಂದು ವಿವರಿಸಿದೆ. ಆಸೆ ನೋಡಿ ನನ್ನದು: ಮೊದಲ ಪುಟದಲ್ಲಿ ‘ನನ್ನ ಚಿತ್ರ ಹಾಕಲು ಒಪ್ಪಿದ್ದೇನೆ’ ಎಂದು ಮೊದಲೇ ಬರೆದು ತಂದಿದ್ದೆ, ಕೆಳಗೆ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದೆ. ಆ ಫೋಟೋದ ಮೋಹ ಇನ್ನೂ ಬಿಟ್ಟಿರಲಿಲ್ಲ.

“ಎಂತ ಬರ್ದದೆ, ಓದು ಮಗಾ,” ಎಂದಳು ಅಜ್ಜಿ. ಹುಡುಗಿ ಓದಿದಳು.

“ಅದ್ನ ಹೊಡ್ದು ಹಾಕು. ನಾ ಒಪ್ಪೂದಿಲ್ಲ, ಬ್ಯಾಡ, ಅಂತ ಬರಿ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಪೆನ್ನು ಕೊಟ್ಟೆ. ಒಪ್ಪದಿದ್ದರೆ ಹೆಬ್ಬೆಟ್ಟು ಬೇಕಾಗಿಲ್ಲ ಅಜ್ಜಿ, ಬಿಟ್ಟರೆ ಆಯಿತು ಎಂದೆ.

“ಬೇಕು,” ಎಂದಳು ಅಜ್ಜಿ. “ರೋಡಿಗೆ ಗದ್ದೆ ಅಂಚು ಹೋಗುವಾಗ ಒತ್ತು ಅಂದ್ರು, ಒತ್ತಿದೆ. ಮನೆ ಪಾಲಾಗುವಾಗ ಒತ್ತು ಅಂದ್ರು, ಒತ್ತಿದೆ. ಇಷ್ಟು ವರ್ಷ ಹೌದು ಅಂಬುದಕ್ಕೇ ಒತ್ತಿದ್ದು ಅಕ್ಕೋರೆ. ಬ್ಯಾಡ ಅಂಬೂಕೆ ನಂಗೆ ಯಾರೂ ಕಾಗದ ತಂದು ಕೊಡ್ಲಿಲ್ಲ. ಇವತ್ತು ನೀವು ತಂದೀರಿ.”

ಸ್ಟ್ಯಾಂಪ್ ಪ್ಯಾಡಿನ ಮೇಲೆ ಹೆಬ್ಬೆರಳನ್ನು ಉರುಳಿಸಿ, ಮೊಮ್ಮಗಳು ಬರೆದ ‘ಬೇಡ’ದ ಕೆಳಗೆ ಒತ್ತಿದಳು. ಎತ್ತಿ ನೋಡಿ, ಸರಿಯಾಗಿ ಮೂಡಿದೆಯೇ ಎಂದು ಕೇಳಿದಳು. ನನ್ನ ಕಣ್ಣಲ್ಲಿ ನೀರು ತುಂಬಿತ್ತು, ನನಗೆ ಸರಿಯಾಗಿ ಕಾಣಲಿಲ್ಲ. ಮೂಡಿದೆ ಅಜ್ಜಿ ಎಂದೆ.

ಸೋಮವಾರ ಬೆಳಗಿನ ಮೊದಲ ಗಂಟೆಗೆ ಹುಡುಗಿ ತನ್ನ ಜಾಗದಲ್ಲಿದ್ದಳು. ಪರೀಕ್ಷೆಗೆ ಕೂತಳು, ಪಾಸೂ ಆದಳು. ಅಜ್ಜಿ ಪೇಟೆಗೆ ಬರತೊಡಗಿದಳು. ನನಗೆ ಹರಿವೆ ಸೊಪ್ಪು ಕೊಡುವಾಗ ಒಂದು ಪೈಸೆಯನ್ನೂ ಬಿಡುತ್ತಿರಲಿಲ್ಲ.

ಮುಂದಿನ ವರ್ಷದ ಮಕ್ಕಳಿಗೆ ಕ್ಯಾಮೆರಾ ಕೊಡುವ ದಿನ ನೋಟ್‌ಬುಕ್ಕನ್ನೂ ಕೊಟ್ಟೆ. “ಅಕ್ಕೋರೆ, ಅವ್ರು ಬ್ಯಾಡ ಅಂದ್ರೆ? ಫೋಟೋ ಇಲ್ದೆ ಮಾರ್ಕ್ಸ್ ಹ್ಯಾಂಗೆ?” ಎಂದು ಕೇಳಿದರು. ಮೊದಲ ಪುಟ ತೆರೆದು ತೋರಿಸಿದೆ. ಬೇಡ ಎಂದವರ ಹೆಬ್ಬೆಟ್ಟನ್ನೋ ಸಹಿಯನ್ನೋ ತಂದವರಿಗೂ ಪೂರ್ತಿ ಅಂಕ ಎಂದೆ. ಆ ವರ್ಷ ಬ್ಲಾಗಿನಲ್ಲಿ ಬಂದದ್ದು ಮೂರೇ ಫೋಟೋ. ನೋಟ್‌ಬುಕ್ ಮಾತ್ರ ತುಂಬಿಹೋಗಿತ್ತು.