ಹಿತ್ತಲ ಬಾಗಿಲಿನ ಪಾಲು

ಕಳೆದ ಮಾಘದ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ, ಸಂಡೂರಿನ ನಮ್ಮ ಮನೆಯ ಮುಂಬಾಗಿಲ ಹೊಸ್ತಿಲ ಹೊರಗೆ, ಒಂದು ಕಾಲನ್ನು ಕಟ್ಟೆಯ ಮೇಲಿಟ್ಟು, ಕಂಪ್ಲಿಗೆ ಒಯ್ಯಬೇಕಾದ ಖಡಕ್ ರೊಟ್ಟಿಯ ಕಟ್ಟಿಗೆ ದಾರ ಸುತ್ತುತ್ತ ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ದಿನ ಕಂಡದ್ದನ್ನು ಮೊದಮೊದಲು ಹೇಳುವಾಗ ಬೆಂಕಿ ಪ್ರತಿ ಸಲವೂ ಒಂದು ಮೊಳ ಬೆಳೆಯುತ್ತಿತ್ತು. ಈಗ ಕಂಡಷ್ಟನ್ನೇ ಹೇಳಬೇಕೆಂದು ನಿಶ್ಚಯಿಸಿದ್ದೇನೆ.

ಅದಕ್ಕೂ ಮೊದಲು ಬಾಗಿಲಿನ ಸಂಗತಿ. ನಾನು ದೋಣಿಮಲೈ ಗಣಿಯಲ್ಲಿ ಹಾಜರಿ ಬರೆಯುವ ನೌಕರ. ರೊಟ್ಟಿ ನನ್ನ ಹೆಂಡತಿ ಸುಮಂಗಲಳದು. ರಜೆಯ ದಿನ ಸ್ಕೂಟರಿನಲ್ಲಿ ಹೊತ್ತು ತಿರುಗುವುದಷ್ಟೇ ನನ್ನ ಪಾಲು. ಹಂಪಿಯ ಊಟದ ಮನೆಯೊಂದು ಅವಳ ರೊಟ್ಟಿ ತಿಂದು ಮೆಚ್ಚಿ, ಲೈಸೆನ್ಸ್ ಇದ್ದರೆ ವಾರವಾರವೂ ತರಿಸಿಕೊಳ್ಳುತ್ತೇವೆ ಎಂದಾಗ ನಾನು ಗೊಣಗಿದೆ: “ವಾರಕ್ಕೆ ಮೂರು ದಿನದ ಪಾರ್ಟ್ ಟೈಮ್ ಕೆಲಸ. ಇದಕ್ಯಾಕ ಲೈಸೆನ್ಸು?”

“ಪಾರ್ಟ್ ಟೈಮ್ ಐತಂತ ಬೆಂಕಿ ಅರ್ಧಾನ ಸುಡ್ತೈತೇನ್ರಿ?” ಎಂದಳು ಅವಳು.

ಅರ್ಜಿ ಹೋಯಿತು, ಪುರಸಭೆಯಿಂದ ಆರೋಗ್ಯ ನಿರೀಕ್ಷಕರು ಬಂದರು. ನೀರಿನ ತೊಟ್ಟಿ, ಹಿಟ್ಟಿನ ಡಬ್ಬಿ ಎಲ್ಲವನ್ನೂ ನೋಡಿ, ಅಡುಗೆಮನೆಯ ಹಿಂಗೋಡೆಯ ಮುಂದೆ ನಿಂತರು. ಅಲ್ಲಿ ಸುಣ್ಣದ ಬಣ್ಣ ಒಂದಿಷ್ಟು ಬೇರೆಯಾಗಿತ್ತು.

“ಇಲ್ಲೊಂದು ಬಾಗ್ಲ ಇತ್ತೇನ್ರಿ?”

ಇತ್ತು. ನೈರುತ್ಯದ ಬಾಗಿಲು ಮನೆಗೆ ಒಳ್ಳೆಯದಲ್ಲವೆಂದು ಯಾರೋ ಹೇಳಿದ ಮೇಲೆ ನಾನೇ ಇಟ್ಟಿಗೆ ಕಟ್ಟಿಸಿ ಮುಚ್ಚಿಸಿದ್ದೆ. “ವಾಸ್ತು ಸರ್,” ಎಂದೆ.

“ವಾಸ್ತು ಮನೀಗಿರ್ಲಿ. ಲೈಸೆನ್ಸ್ ಒಲೀಗೆ. ಹೊಗೀಗೂ ದಾರಿ ಇಲ್ಲ, ಮಂದೀಗೂ ದಾರಿ ಇಲ್ಲ. ಬಾಗ್ಲ ತೆಗಸ್ರಿ, ಸಿಲಿಂಡರ್ ಹಿತ್ತಲಾಗ ಇಡ್ರಿ. ಆಮ್ಯಾಲೆ ಬರ್ರಿ.”

ಗೌಂಡಿ ಗೋಡೆ ಒಡೆದ ದಿನ ನಾನು ಕರ್ಪೂರ ಹಚ್ಚಿ, ಆಗಬಾರದ್ದು ಆಗದಿರಲೆಂದು ಕೈಮುಗಿದೆ. ಅದಾಗಿ ಎರಡು ತಿಂಗಳಿಗೆ ಆ ಭಾನುವಾರ ಬಂತು.

ನಾನು ನಿಂತಲ್ಲಿಂದ ಪಡಸಾಲೆಯನ್ನು ದಾಟಿ ಅಡುಗೆಮನೆ ನೇರ ಕಾಣುತ್ತದೆ. ಒಳಗೆ ಮೂವರಿದ್ದರು: ಸುಮಂಗಲಾ, ಓಣಿಯ ಹಿರಿಯರಾದ ಹುಲಿಗೆಮ್ಮ, ಪಕ್ಕದ ಮನೆಯ ಖಾಸಿಂಬಿ. ಪಡಸಾಲೆಯ ಕಡೆಗಿದ್ದ ಒಲೆಯ ರಬ್ಬರ್ ಪೈಪಿಗೆ ಬೆಂಕಿ ಹತ್ತಿತು. ಬೆಂಕಿ ಸೊಂಟದೆತ್ತರ, ಅದಕ್ಕಿಂತ ಹೆಚ್ಚಲ್ಲ. ಆದರೆ ಅದು ನನಗೂ ಅವರಿಗೂ ನಡುವೆ ಇತ್ತು. ನಾನು ಕೂಗಲಿಲ್ಲ, ಓಡಲಿಲ್ಲ. ಕೈಯಲ್ಲಿನ ಕಟ್ಟನ್ನು ಬಿಡಲೂ ಇಲ್ಲ. ಕೂಗಿದವಳು ಸುಮಂಗಲಾ: “ಹಿಂದ ನಡೀರಿ! ಯಕ್ಕಾ, ಹಿಟ್ಟು ಬಿಡು, ನಡಿ!” ಹುಲಿಗೆಮ್ಮ ಮೊದಲು, ಖಾಸಿಂಬಿ ಆಮೇಲೆ, ಸುಮಂಗಲಾ ಕೊನೆಗೆ. ಮೂರು ಬೆನ್ನುಗಳು ಒಂದರ ಹಿಂದೊಂದು ಹಿತ್ತಲ ಬಾಗಿಲಿನ ಬೆಳಕಿನಲ್ಲಿ ಕರಗಿದವು. ನಾನು ಸಂದಿಯಿಂದ ಸುತ್ತಿ ಹಿತ್ತಲಿಗೆ ಬರುವಷ್ಟರಲ್ಲಿ ಖಾಸಿಂಬಿ ಸಿಲಿಂಡರಿನ ಕಿವಿ ಹಿಂಡಿ ಗ್ಯಾಸ್ ನಿಲ್ಲಿಸಿ ಆಗಿತ್ತು. ಒದ್ದೆ ಗೋಣಿಚೀಲ ಉಳಿದದ್ದನ್ನು ಆರಿಸಿತು.

“ಯಪ್ಪಾ, ಅದನ್ನ ಕೆಳಗ ಇಡೋ. ರೊಟ್ಟೀನ ಹೆತ್ತ ಕೂಸಿನಂಗ ಅಪ್ಕೊಂಡ ನಿಂತೀಯಲ್ಲ,” ಎಂದರು ಹುಲಿಗೆಮ್ಮ. ಆಗಲೇ ನಾನು ಕಟ್ಟನ್ನು ಕೆಳಗಿಟ್ಟದ್ದು.

ತೆರಿಗೆಯ ಹೊತ್ತಿಗೆ ಹೊಸಪೇಟೆಯ ಆಡಿಟರ್ ಒಬ್ಬರ ಮುಂದೆ ಇಬ್ಬರೂ ಕುಳಿತೆವು. ವ್ಯಾಪಾರಕ್ಕೆಂದು ಮಾಡಿದ ಖರ್ಚನ್ನು ಆದಾಯದಲ್ಲಿ ಕಳೆಯಬಹುದು, ಮನೆಗೆಂದು ಮಾಡಿದ್ದನ್ನು ಕಳೆಯುವಂತಿಲ್ಲ, ಎರಡಕ್ಕೂ ಆಗುವುದನ್ನು ಪಾಲು ಹಾಕಬೇಕು ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಕೇಳಲು ಸುಲಭ. ಆದರೆ ನೀವೇ ಯೋಚಿಸಿ: ಕಂಪ್ಲಿಯಲ್ಲಿ ರೊಟ್ಟಿ ಇಳಿಸಿ, ಬರುವ ದಾರಿಯಲ್ಲಿ ಅಕ್ಕನ ಮನೆಯಲ್ಲಿ ಉಂಡು ಬಂದರೆ ಆ ಪೆಟ್ರೋಲು ಯಾರದು? ದುಡಿಮೆ ಎಲ್ಲಿ ಮುಗಿದು ಬಾಳು ಎಲ್ಲಿ ಶುರುವಾಗುತ್ತದೆ ಎಂದು ನಮ್ಮನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಕಾಗದಗಳನ್ನು ನಾನು ಬರೀ ಕಾಟವೆಂದು ತಿಳಿದಿದ್ದೆ. ಅವುಗಳ ಹಿಂದೆ, ಎಲ್ಲೋ ಯಾರಿಗೋ ಒದಗಿದ ಆಪತ್ತನ್ನು ನೆನೆದು, ಮುಂದಿನವರಿಗೆ ಹಾಗಾಗದಿರಲೆಂದು ಬಯಸಿದ ಒಂದು ಮನಸ್ಸೂ ಇರುತ್ತದೆಯೇನೋ.

ಆಡಿಟರ್ ಗೌಂಡಿಯ ರಸೀದಿ ಎತ್ತಿದರು. “ಈ ಬಾಗಿಲ ರಿಪೇರಿ ವ್ಯಾಪಾರದ್ದೋ, ಮನೀದೋ? ಅದ್ರಾಗ ಯಾರು ಓಡಾಡ್ತಾರ?”

ನಾನು ಮನಸ್ಸಿನಲ್ಲೇ ಆ ಮೂರು ಬೆನ್ನುಗಳನ್ನು ಎಣಿಸಿದೆ. ಸುಮಂಗಲಾ ನನ್ನ ಮುಖ ನೋಡಿ ತಾನೇ ಹೇಳಿದಳು: “ಅರ್ಧ ಬರ್ಕೊಳ್ರಿ ಸರ್. ಇನ್ನರ್ಧ ನಮ್ಮ ಬೆಕ್ಕಿಂದು. ಹಗಲೆಲ್ಲ ಅದಽ ಓಡಾಡ್ತೈತಿ.”

ಅವರು ನಕ್ಕು ಅರ್ಧ ಬರೆದುಕೊಂಡರು.

ಲೈಸೆನ್ಸು ಈಗ ಆ ಬಾಗಿಲ ಪಕ್ಕದಲ್ಲೇ ತೂಗುತ್ತಿದೆ. ಬಾಗಿಲಿನ ಅಗಲ ಎರಡೂವರೆ ಅಡಿ, ನಾನೇ ಅಳೆದಿದ್ದೇನೆ. ಹಂಪಿಗೆ ರೊಟ್ಟಿ ಪ್ರತಿ ವಾರ ಹೋಗುತ್ತದೆ. ನನ್ನ ಮಾತನ್ನು ನಂಬದವರು ಆ ದಿನ ಕಂಡವರನ್ನು ಕೇಳಬಹುದು. ಹುಲಿಗೆಮ್ಮ ಇದ್ದಾರೆ, ಮುಂಬಾಗಿಲು ತೆರೆದಿದ್ದರೂ ಹಿತ್ತಲಿಂದಲೇ ಬರುತ್ತಾರೆ. ಖಾಸಿಂಬಿ ಇದ್ದಾರೆ, ಕೆಲಸ ಮುಗಿದೊಡನೆ ಸಿಲಿಂಡರ್ ಮುಚ್ಚುವುದು ಅವರದೇ ಹಕ್ಕು. ಸುಮಂಗಲಾ ಇದ್ದಾಳೆ. ಇದನ್ನು ಬರೆಯುತ್ತಿರುವಾಗ ಒಳಗಿನಿಂದ ಅವಳು ರೊಟ್ಟಿ ತಟ್ಟುವ ಸದ್ದು ಕೇಳುತ್ತಿದೆ.