ಬುಟ್ಟಿಯ ತೂಕ

ಆ ಪ್ರಾಣಿಗಳ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮನಿಗೆ ಬೆನ್ನ ಹಿಂದೆ ‘ಇನ್ನೊಂದ್ಸಲ ಮೇಡಂ’ ಎಂದೇ ಹೆಸರು. ಯಾರು ಏನೇ ಮಾಡಿ ಮುಗಿಸಲಿ, ‘ಇನ್ನೊಂದ್ಸಲ ನೋಡು’ ಎನ್ನದಿದ್ದರೆ ಆಕೆಗೆ ಉಂಡದ್ದು ಅರಗುತ್ತಿರಲಿಲ್ಲ. ಕೈಕೆಳಗೆ ಮೂವರು ಕಿರಿಯ ಡಾಕ್ಟರುಗಳು. ಅವರು ಚುಚ್ಚುವ ಒಂದೊಂದು ಸೂಜಿಗೂ ಆಕೆಯೇ ಹೊಣೆ. ಔಷಧಿ ಬೀರುವಿನ ಕೀ ಸದಾ ಆಕೆಯ ಕೊರಳಲ್ಲಿ. “ಮನೆಗೆ ಬೀಗ ಹಾಕೋದು ಮರೀತಾಳೆ, ಆ ಬೀರು ಮಾತ್ರ ಮರೆಯಲ್ಲ,” ಎಂದು ಗಂಡ ಕಂಡಕಂಡವರ ಮುಂದೆ ಹೇಳಿಕೊಂಡು ನಗುತ್ತಿದ್ದ. ಅರಿವಳಿಕೆ ಕೊಡುವ ಮುಂಚೆ ಪ್ರಾಣಿಯ ತೂಕ, ಔಷಧಿಯ ಅಳತೆ ಎರಡನ್ನೂ ಹಾಳೆಯಲ್ಲಿ ಬರೆದು ಆಕೆಯ ಸಹಿ ಹಾಕಿಸಿಕೊಳ್ಳಬೇಕು. ಅದು ಆಕೆಯೇ ಮಾಡಿದ ಕಟ್ಟಳೆ.

ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ? ಒಂದು ಮಧ್ಯಾಹ್ನ ಮುದುಕ ಟೈಲರೊಬ್ಬರು ತಮ್ಮ ಬೆಕ್ಕಿನ ಹುಳುಕು ಹಲ್ಲು ಕೀಳಿಸಲು ಬಂದರು. ಹೆಂಡತಿ ಹೋದಮೇಲೆ ಅವರ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವವೆಂದರೆ ಅದೊಂದೇ. ಬೆಕ್ಕೋ, ಮುಟ್ಟಿದವರ ಕೈ ಪರಚುವ ಮಹಾರಾಣಿ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಕಿರಿಯ ಡಾಕ್ಟರೊಬ್ಬಳು ಅದನ್ನು ಬೆತ್ತದ ಬುಟ್ಟಿಯ ಸಮೇತ ತೂಗಿದಳು. ಬುಟ್ಟಿಯ ತೂಕ ಕಳೆಯುವುದನ್ನು ಮರೆತಳು. ಮೂರು ಕಿಲೋ ಬೆಕ್ಕು ಹಾಳೆಯಲ್ಲಿ ನಾಲ್ಕೂವರೆ ಕಿಲೋ ಆಯಿತು. ಹಾಳೆ ಬಂದಾಗ ಹಿರಿಯಾಕೆ ಫೋನಿನಲ್ಲಿ ಯಾರದೋ ನಾಯಿಯ ವಾಂತಿ ವಿಚಾರಿಸುತ್ತಿದ್ದಳು. ಕಣ್ಣು ಹಾಳೆಯ ಮೇಲೆ, ಮನಸ್ಸು ನಾಯಿಯ ಹೊಟ್ಟೆಯಲ್ಲಿ. ಸಹಿ ಬಿದ್ದೇಬಿಟ್ಟಿತು.

ಹತ್ತು ನಿಮಿಷಕ್ಕೆ ಒಳಗಿನಿಂದ ಕೂಗು ಬಂತು. ಬೆಕ್ಕಿನ ಉಸಿರು ನಿಂತು ನಿಂತು ಬರುತ್ತಿತ್ತು. ಹಿರಿಯಾಕೆ ಓಡಿದಳು. ಹಾಳೆ ನೋಡಿದಳು, ಖಾಲಿ ಬುಟ್ಟಿ ನೋಡಿದಳು, ಆದದ್ದೇನೆಂದು ಹೊಳೆಯಿತು. ಬೈಯಲು ಪುರುಸೊತ್ತಿರಲಿಲ್ಲ. ಅರಿವಳಿಕೆ ಇಳಿಸುವ ಇಂಜೆಕ್ಷನ್ ಕೊಟ್ಟು, ಮೂತಿಗೆ ಆಮ್ಲಜನಕ ಹಿಡಿದು, ಬಿಸಿನೀರಿನ ಚೀಲದ ಮೇಲೆ ಮಲಗಿಸಿ, ಎದೆಯ ಮೇಲೆ ಬೆರಳಿಟ್ಟು ಬಡಿತ ಎಣಿಸುತ್ತ ಕೂತಳು. ಕಿರಿಯಳು ಗೋಡೆಗಂಟಿ ನಿಂತು ಬಿಕ್ಕುತ್ತಿದ್ದಳು.

“ಅಳೋದು ಆಮೇಲೆ. ಬಂದು ಕಾಲು ಉಜ್ಜು,” ಎಂದಳು ಹಿರಿಯಾಕೆ. ಎರಡು ತಾಸಾದ ಮೇಲೆ ಬೆಕ್ಕು ಕಣ್ಣು ಬಿಟ್ಟು, ಮೊದಲ ಕೆಲಸವಾಗಿ ಆಕೆಯ ಬೆರಳು ಕಚ್ಚಿತು. ಆಕೆಗೆ ಅಷ್ಟು ಸುಖವಾದ ಕಡಿತ ಇನ್ನೊಂದಿರಲಿಲ್ಲ.

ಇನ್ನು ಟೈಲರಿಗೆ ಹೇಳಬೇಕಿತ್ತು. ಬಾಗಿಲಾಚೆಗೇ ನಿಂತುಬಿಟ್ಟ ಕಿರಿಯಳನ್ನು ಬಿಟ್ಟು ಆಕೆಯೊಬ್ಬಳೇ ಹೊರಗೆ ಹೋದಳು.

“ನಿಮ್ಮ ಬೆಕ್ಕಿಗೆ ಔಷಧಿ ಜಾಸ್ತಿಯಾಗಿತ್ತು. ಬುಟ್ಟಿ ಸೇರಿಸಿ ತೂಗಿದ್ವಿ. ಈಗ ಬದುಕಿದೆ. ತಪ್ಪು ನನ್ನದು, ಸಹಿ ನನ್ನದು.”

ಟೈಲರು ಎದ್ದು ನಿಂತರು. “ತೂಗಿದ್ದು ಯಾರು?”

“ಇಲ್ಲಿ ಯಾರು ತೂಗಿದ್ರೂ ನಾನು ತೂಗಿದ ಹಾಗೇ.”

ಅವರು ಬಾಗಿಲ ಕಡೆ ನೋಡಿದರು. ಕಿರಿಯಳ ಊದಿದ ಕಣ್ಣು ಎಲ್ಲವನ್ನೂ ಹೇಳುತ್ತಿತ್ತು. ಬೈಗುಳಕ್ಕೆ ಹಿರಿಯಾಕೆ ತಲೆಯೊಡ್ಡಿಯೇ ನಿಂತಿದ್ದಳು.

“ಕೆಲಸ ಕಲಿಯುವಾಗ ಒಬ್ಬರ ಕೋಟಿನ ತೋಳು ಗಿಡ್ಡ ಕತ್ತರಿಸಿಬಿಟ್ಟಿದ್ದೆ,” ಎಂದರು ಟೈಲರು. “ನನ್ನ ಗುರು ಗಿರಾಕಿ ಮುಂದೇನೇ ಕೆನ್ನೆಗೆ ಬಾರಿಸಿದ. ಆಮೇಲೆ ಎರಡು ವರ್ಷ ಕತ್ತರಿ ಹಿಡಿದರೆ ಸಾಕು, ಕೈ ನಡುಗ್ತಿತ್ತು ನೋಡಿ.”

ಟೈಲರು ಹಿರಿಯಾಕೆಯ ಕಡೆ ತಿರುಗಿದರು.

“ಹಲ್ಲು ಹಾಗೇ ಇದೆಯಲ್ಲ, ಯಾವತ್ತು ಕೀಳ್ತೀರಿ?”

“ಹತ್ತು ದಿನ ಬಿಟ್ಟು ಕರೆತನ್ನಿ. ನಾನೇ ಕೀಳ್ತೀನಿ.”

“ನೀವು ಬೇಡ,” ಎಂದರು ಟೈಲರು, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ. “ಆಯಮ್ಮನೇ ಕೀಳಲಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು.”