ರೋಶನಬಿ ಬಿಟ್ಟುಕೊಡದ ಎಲೆತೋಟ

ಸವಣೂರಿನ ರೋಶನಬಿ ಎಲೆಬಳ್ಳಿ ಕಟ್ಟಲು ತೋಟಕ್ಕಿಳಿದಳೆಂದರೆ ಅವಳನ್ನು ಮಾತನಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಪ್ಪನ ತೋಟಕ್ಕೇ ಬಂದು ನಿಂತ ಹೆಂಗಸು. ಮುಂದೆ ಅಪ್ಪನೂ ಹೋದ. ನಲವತ್ತನೆಯ ದಿನ ಫಾತಿಹಾ ಮುಗಿಸಿ ಹಿರಿಯರು ಕೂತಿದ್ದಾಗ, ನಮ್ಮ ಕಡೆಯ ಅಕ್ಕತಂಗಿಯರೆಲ್ಲ ಮಾಡುವ ಹುಚ್ಚುತನವನ್ನೇ ಅವಳೂ ಮಾಡಿದಳು. ಶರೀಯತ್ತಿನ ಪ್ರಕಾರ ತೋಟದ ಮೂರರಲ್ಲಿ ಒಂದು ಪಾಲು ಅವಳದು. ಅದನ್ನು ತಮ್ಮ ದಿಲಾವರನಿಗೇ ಬಿಟ್ಟೆ ಎಂದು ಎಲ್ಲರೆದುರು ಹೇಳಿಬಿಟ್ಟಳು. ಪಾಲು ಕೇಳಿದವಳಿಗೆ ತವರು ದೂರಾಗುತ್ತದೆ ಎಂಬ ಹೆದರಿಕೆ, ಮತ್ತೇನು? ದಿಲಾವರ ಅಕ್ಕನಿಗೊಂದು ಸೀರೆ ಉಡಿಸಿದ, ಮುಗಿಯಿತು.

ಮರುವರ್ಷವೇ ಈ ದಿಲಾವರ ಹೆಂಡತಿಯ ಅಣ್ಣಂದಿರ ಮಾತು ಕೇಳಿ ಕರಾಚಿಗೆ ಹೋದ. ಅಲ್ಲಿಯ ಬಂದರಿನಲ್ಲಿ ಕೆಲಸ ಹಿಡಿದ, ಅಲ್ಲಿಯ ಪ್ರಜೆಯೂ ಆದ. ತೋಟ ಎಲ್ಲಿಗೆ ಹೋಗುತ್ತದೆ, ಅಕ್ಕ ಇದ್ದಾಳಲ್ಲ ಎಂದು ಹೇಳಿಕಳುಹಿಸಿದ. ಪುಣ್ಯಾತ್ಮ, ತಾನು ದೇಶ ಬದಲಾಯಿಸಿದರೂ ನೆಲ ತನ್ನ ದಾರಿ ಕಾಯುತ್ತ ಕೂತಿರುತ್ತದೆ ಎಂದುಕೊಂಡಿದ್ದ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಸರಕಾರದವರು ಬಂದರು. ಪಾಕಿಸ್ತಾನಕ್ಕೆ ಹೋದವರ ಆಸ್ತಿ ಸರಕಾರಕ್ಕೆ ಸೇರುತ್ತದೆ, ತೋಟ ಪೂರಾ ದಿಲಾವರನದೇ, ನೀನು ಜಾಗ ಖಾಲಿ ಮಾಡು ಎಂದರು. ತಕರಾರಿದ್ದರೆ ಶಿಗ್ಗಾಂವದಲ್ಲಿ ವಿಚಾರಣೆಗೆ ಬಾ ಎಂದೂ ಹೇಳಿದರು.

ಪಕ್ಕದ ತೋಟದ ಉಳಿವೆಪ್ಪ ಒಳ್ಳೆಯ ಮನುಷ್ಯ. ಪಾಲು ಬಿಟ್ಟೆ ಅಂತ ಹೇಳಿಯೇ ಇಲ್ಲ ಅಂದುಬಿಡು, ಆ ದಿನ ನಾನೂ ಅಲ್ಲೇ ಇದ್ದೆ, ನಾನಂತೂ ಬಾಯಿ ಬಿಡುವುದಿಲ್ಲ ಎಂದು ಪರಿಪರಿಯಾಗಿ ಹೇಳಿಕೊಟ್ಟ. ರೋಶನಬಿ ಅವನನ್ನೇ ಬೈದಳು. ಅಪ್ಪನ ಹೆಸರಿನಲ್ಲಿ ಫಾತಿಹಾ ಓದಿದ ಜಾಗದಲ್ಲಿ ಆಡಿದ ಮಾತದು, ಅದನ್ನು ನುಂಗಲಾರೆ ಎಂದಳು. ಸುಳ್ಳನ್ನೂ ಹೇಳುವುದಿಲ್ಲ, ತೋಟವನ್ನೂ ಬಿಡುವುದಿಲ್ಲ ಅಂದರೆ ಹೇಗೆ ತಾಯಿ ಎಂದು ಅವನು ಹಣೆ ಹಣೆ ಬಡಿದುಕೊಂಡ.

ವಿಚಾರಣೆಯ ದಿನ ಸಾಹೇಬ ಮೊದಲು ಕೇಳಿದ್ದೇ ಪಾಲು ಬಿಟ್ಟೆ ಅಂದದ್ದು ನಿಜವೇ ಎಂದು. ಅವಳು ಹೌದೆಂದಳು. ಹಿಂದೆ ನಿಂತಿದ್ದ ಉಳಿವೆಪ್ಪ ಮತ್ತೆ ಹಣೆ ಬಡಿದುಕೊಂಡ. ಹಾಗಾದರೆ ಅಂದಿನಿಂದ ತೋಟ ಯಾರ ಕೈಯಲ್ಲಿತ್ತು ಎಂದು ಸಾಹೇಬ ಕೇಳಿದ.

“ನನ್ನ ಕೈಯಾಗರಿ. ಬಾಯಿಲೆ ಬಿಟ್ಟೆ ಅಂದಿದ್ದು ಖರೆ. ಮರುದಿನ ಮುಂಜಾನೆ ನಾನ ಹೋಗಿ ಬಳ್ಳಿ ಕಟ್ಟೇನಿ, ಇವತ್ತೂ ಕಟ್ಟೇ ಬಂದೇನಿ. ದಿಲಾವರ ಒಂದಿನಾನೂ ಅದರಾಗ ಕಾಲಿಟ್ಟಾಂವಲ್ಲ.”

ಸಾಹೇಬ ಕಾನೂನಿನ ಪುಸ್ತಕ ತೆರೆದು ನೋಡಿದ. ಶರೀಯತ್ತಿನಲ್ಲಿ ಬಾಯಿಮಾತಿನಿಂದ ಕೊಟ್ಟರೆ ಸಾಲದು, ವಶಕ್ಕೂ ಕೊಡಬೇಕು. ಈಕೆ ವಶಕ್ಕೆ ಕೊಟ್ಟಿಲ್ಲ, ಆದ್ದರಿಂದ ಕೊಟ್ಟಂತೆಯೇ ಆಗಲಿಲ್ಲ ಎಂದು ತೀರ್ಮಾನ ಹೇಳಿದ. ಅವಳ ಪಾಲು ಅವಳಿಗೆ ಉಳಿಯಿತು. ಉಳಿವೆಪ್ಪ ಹಿಗ್ಗಿ ಹೀರೇಕಾಯಿಯಾದ.

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ಎರಡು ಪಾಲನ್ನು ಮನಸಾರೆ ಒಪ್ಪಿ ಸರಕಾರಕ್ಕೆ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದು, ಹೆಬ್ಬೆಟ್ಟು ಒತ್ತೆಂದು ಮಸಿ ಮುಂದಿಟ್ಟರು. ರೋಶನಬಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒತ್ತಿಬಿಡು, ಬಂದದ್ದೂ ಹೋದೀತು ಎಂದು ಉಳಿವೆಪ್ಪ ಪಿಸುಗುಟ್ಟಿದ.

“ಕಾಯ್ದೆ ಐತಿ ಅಂದ್ರ ನೀವ ತಗೊಳ್ರಿ, ಸಾಹೇಬ್ರ. ಒಮ್ಮೆ ಕೊಟ್ಟೆ ಅಂದು ತಿಳಿಗೇಡಿ ಆಗೇನಿ. ನನ್ನ ತಮ್ಮಂದು ನಾ ಕೊಟ್ಟೆ ಅಂತ ಮಾತ್ರ ಬರಕೋಬ್ಯಾಡ್ರಿ.”

ಹೆಬ್ಬೆಟ್ಟಿಲ್ಲದೆಯೇ ಸರಕಾರ ಎರಡು ಪಾಲು ತೆಗೆದುಕೊಂಡಿತು. ಹರಾಜಿನಲ್ಲಿ ಹಿಡಿದವನು ಬೇಲಿ ಹಾಕಿಸಿದ. ರೋಶನಬಿ ಬೇಲಿಯ ಈಚೆ ಬಳ್ಳಿ ಕಟ್ಟುತ್ತ, ಆಚೆಯದನ್ನು ಸಾಯುವವರೆಗೂ ದಿಲಾವರನ ತೋಟವೆಂದೇ ಕರೆದಳು.